ಮದುಮಗಳ ಪೆಟ್ಟಿಗೆಯಲ್ಲಿ ಕಂಪ್ಯೂಟರ್

ಎಲ್ಲ ಸೇರಿ ಹತ್ತೊಂಬತ್ತು ಸಾವಿರದ ನಾಲ್ಕು ನೂರು ರೂಪಾಯಿ ಬಿತ್ತು. ಅಷ್ಟೇ ವೇಗದ ಕಂಪ್ಯೂಟರನ್ನು ಹುಬ್ಬಳ್ಳಿಯಲ್ಲಿ ತಯಾರಿದ್ದುದನ್ನೇ ಕೊಂಡಿದ್ದರೆ ಮೂವತ್ತು ಸಾವಿರದ ಕೆಳಗೆ ಮಾತೇ ಇರಲಿಲ್ಲ. ಅದೂ ಫ್ಯಾನಿನ ಗದ್ದಲದ ಸಮೇತ. ನನ್ನದಕ್ಕೆ ಗದ್ದಲವಿರಲಿಲ್ಲ. ದುಡ್ಡಿನ ಬಹುಪಾಲು ಒಳಗಿನ ಚಿಪ್ಪು, ಬೋರ್ಡು, ಮೆಮೊರಿ, ಪವರ್ ಸಪ್ಲೈಗಳಿಗೆ ಹೋಯಿತು. ಹೊರಗಿನ ತಗಡಿನ ಪೆಟ್ಟಿಗೆ, ಒಳಗಿನ ಕಂಬಳಿ, ಗುಜರಿಯ ಫ್ಯಾನು, ಸೈಕಲ್ ಟ್ಯೂಬಿನ ಚೂರು ಎಲ್ಲ ಕೂಡಿ ಏಳುನೂರು ದಾಟಲಿಲ್ಲ. ಆದರೆ ಆ ಕಂಪ್ಯೂಟರನ್ನು ಕಂಡವರು ಇವತ್ತಿಗೂ ನೆನೆಸುವುದು ಆ ಏಳುನೂರರ ಸಾಮಾನನ್ನೇ.

ಇಷ್ಟೆಲ್ಲ ಯಾಕೆ ಮಾಡಬೇಕಾಯಿತು ಎಂದರೆ, ಮುಶಿಗೇರಿಯ ಒಬ್ಬ ಅಜ್ಜಿಯ ದನಿಗಾಗಿ.

ಆಗ ಕ್ಯಾಸೆಟ್ ಹೋಗಿ ಸಿಡಿ ಬರುತ್ತಿದ್ದ ಕಾಲ. ರೋಣದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಅಂಗಡಿ ಇತ್ತು. ಅಂಗಡಿ ಎಂದರೆ ಒಂದೇ ಕೋಣೆ. ಮದುವೆ ವಿಡಿಯೊ ಮಿಕ್ಸಿಂಗ್, ಹಳೆಯ ಕ್ಯಾಸೆಟ್ಟಿನಿಂದ ಸಿಡಿ, ಆಗಾಗ ಭಜನಾ ಮೇಳದವರ ರೆಕಾರ್ಡಿಂಗ್. ಮೈಕು, ಹಾಡುವವರು, ಕಂಪ್ಯೂಟರ್, ನಾನು ಎಲ್ಲ ಆ ಕೋಣೆಯಲ್ಲೇ. ಭಜನೆಯವರು ತಾಳ, ದಮ್ಮಡಿ, ಹಾರ್ಮೋನಿಯಂ ಹಿಡಿದು ಕೂತರೆ ಕಂಪ್ಯೂಟರಿನ ಫ್ಯಾನು ಎಷ್ಟು ಬಡಕೊಂಡರೂ ಅವರ ಮುಂದೆ ಅದರ ಆಟ ನಡೆಯುತ್ತಿರಲಿಲ್ಲ. ಹಾಗಾಗಿ ಅದೊಂದು ಸಪ್ಪಳ ಎಂಬುದೇ ನನ್ನ ಕಿವಿಗೆ ಬಿದ್ದಿರಲಿಲ್ಲ.

ಅಜ್ಜಿ ಬಂದದ್ದು ಒಬ್ಬಳೇ, ಕೈಯಲ್ಲೊಂದು ವಾಯರಿನ ಚೀಲ. ಬಂದವಳು ಮೈಕನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು.

"ಮೊಮ್ಮಗಳ ಲಗ್ನ ಐತಿ, ತಮ್ಮಾ. ನಮ್ಮೂರಾಗ ಯಾರ ಮನ್ಯಾಗ ಅರಿಶಿಣ ಹಚ್ಚಿದ್ರೂ ಸೋಬಾನಿ ಪದಾ ನಂದ. ಈಗ ದನಿ ಸಣ್ಣದಾಗೇತಿ. ಲಗ್ನದಾಗ ದೊಡ್ಡ ದೊಡ್ಡ ಸ್ಪೀಕರ್ ಡಬ್ಬಿ ತಂದು ಒದರಸ್ತಾರ. ನಾ ಬಾಯಿ ತಗದ್ರ ಮಗ್ಗಲದಾಕಿಗೂ ಕೇಳೂದಿಲ್ಲ."

"ಅದಕ್ಕ ಏನ್ ಮಾಡಬೇಕಂತಿ ಯವ್ವಾ?"

"ನನ್ನ ಪದಾ ಸಿಡ್ಯಾಗ ಹಾಕಿ ಕೊಡು. ಅವರ ಡಬ್ಬ್ಯಾಗ ಅದನ್ನ ಹಚ್ಚಸ್ತೀನಿ. ಊರ ಮಂದಿ ಮಕ್ಕಳಿಗೆಲ್ಲ ಹೇಳೀನಿ, ನನ್ನ ಮೊಮ್ಮಗಳಿಗೆ ಹೇಳಲಿಲ್ಲ ಅಂದ್ರ ಹ್ಯಾಂಗಪಾ?"

ದರ ಕೇಳಲಿಲ್ಲ. ನನಗೆ ಗಿರಾಕಿ ದರ ಕೇಳದಿದ್ದರೆ ಕಸಿವಿಸಿ ಆಗುತ್ತದೆ. ಚೌಕಾಶಿ ಇಲ್ಲದೆ ಕೆಲಸ ಶುರುವಾದ ಹಾಗೆಯೇ ಅನ್ನಿಸುವುದಿಲ್ಲ. ನಾನೇ ಹೇಳಿ ನಾನೇ ಇಳಿಸಿ, ಅವಳನ್ನು ಮೈಕಿನ ಮುಂದೆ ಕೂರಿಸಿದೆ. ಅಜ್ಜಿ ಕಣ್ಣು ಮುಚ್ಚಿ ಹಾಡಿದಳು. ದನಿ ಖರೇನೇ ಸಣ್ಣದಾಗಿತ್ತು, ಆದರೆ ಒಡೆದಿರಲಿಲ್ಲ. ನೂಲಿನ ಎಳೆ ತೆಗೆದ ಹಾಗೆ ಬರುತ್ತಿತ್ತು. ಅಂಥ ದನಿ ಸಿಗಬೇಕಾದರೆ ಮೈಕಿನ ಕಿವಿ ಪೂರಾ ತೆರೆಯಬೇಕು. ತೆರೆದೆ. ಮುಗಿದ ಮೇಲೆ ದೊಡ್ಡ ಸ್ಪೀಕರಿನಲ್ಲಿ ಕೇಳಿಸಿದೆ.

ಅಜ್ಜಿ ತಲೆ ಓರೆ ಮಾಡಿ ಕೇಳಿದಳು. "ಏನಪಾ, ನನ್ನ ಹಿಂದ ಹಿಟ್ಟಿನ ಗಿರಣಿ ಹಚ್ಚೀಯಲ್ಲ?"

ಅವಳು ಹೇಳಿದ ಮೇಲೆ ನನಗೂ ಅದೇ ಕೇಳತೊಡಗಿತು. ದನಿ ಎಲ್ಲೋ ದೂರದ ಹೊಲದಲ್ಲಿ, ಫ್ಯಾನು ಕಿವಿಯಲ್ಲೇ.

ಅಷ್ಟರಲ್ಲಿ ಚಹಾ ತಂದಿದ್ದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಉಪಾಯ ಹೇಳಿದಳು. "ಕೌದಿ ಹೊಚ್ರಿ ಅದಕ್ಕ. ಕೂಸು ಅತ್ರ ಹೊಚ್ಚಿ ಮಲಗಸಂಗಿಲ್ಲೇನು?"

ಅಂಗಡಿಯ ಹಿಂದಿದ್ದ ನಮ್ಮ ಮನೆಯಿಂದ ಅವಳೇ ಎರಡು ಕೌದಿ ತಂದು ಕಂಪ್ಯೂಟರಿಗೆ ಸುತ್ತಿದಳು. ಸಪ್ಪಳ ಅರ್ಧಕ್ಕೆ ಇಳಿಯಿತು. ನಾನು ಖುಷಿಯಾಗಿ ಅಜ್ಜಿಗೆ ಮತ್ತೆ ಹಾಡಲು ಹೇಳಿದೆ. ಪದ ಅರಿಶಿಣದಿಂದ, ಮದುಮಗಳಿಗೆ ಎರೆಯುವ ಸುರಗಿ ನೀರಿಗೆ ಬಂದಿತ್ತು, ಕಂಪ್ಯೂಟರ್ ಟಪ್ಪನೆ ಬಂದ್ ಆಯಿತು. ಒಳಗೆ ಸೆಕೆ ಏರಿದರೆ ಅದು ಸುಟ್ಟುಹೋಗುವ ಬದಲು ತಾನೇ ಆರಿಬಿಡುತ್ತದೆ. ಹಾಡಿದ್ದೆಲ್ಲ ಹೋಯಿತು.

ಅಜ್ಜಿ ಸಿಟ್ಟಾಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. "ಸೋಬಾನಿ ನಡುವ ಕಡೀಬಾರದಪಾ, ಚಲೋ ಅಲ್ಲ. ಮತ್ತ ಮದ್ಲಿಂದ ಹೇಳಾಕ ನನಗ ಇವತ್ತು ಉಸಿರಿಲ್ಲ. ಅರಿಶಿಣಕ್ಕ ಮದ್ಲ ಇನ್ನೊಂದ್ ಸಲ ಬರ್ತೀನಿ. ಆಗೂ ಹಿಂಗ ಆತಂದ್ರ ಆ ಪದಾ ನನ್ನ ಹಣ್ಯಾಗಿಲ್ಲ ಅಂತ ಸುಮ್ನಾಗ್ತೀನಿ."

ಚಹಾ ಕುಡಿದು ಹೋದಳು. ಆ ಕೌದಿಗಳನ್ನು ನನ್ನ ಹೆಂಡತಿ ಬಿಚ್ಚಿ ಮಡಚಿದಳು.

ನೀವು ಕೇಳಬಹುದು, ಕಂಪ್ಯೂಟರನ್ನು ಹೊರಗಿಟ್ಟರೆ ಮುಗಿಯಲಿಲ್ಲವೇ ಎಂದು. ಹೊರಗೆ ಓಣಿ, ಎರೆಮಣ್ಣಿನ ದೂಳು, ಆಡು, ಬಸ್ಸು ತಪ್ಪಿದ ಮಂದಿ. ಹಿಂದೆ ನಮ್ಮದೇ ಬಾಡಿಗೆ ಮನೆ, ಆದರೆ ನಡುವಿನ ಗೋಡೆಗೆ ಒಂದು ಮೊಳೆ ಹೊಡೆಯಲೂ ಮಾಲಕರು ಬಿಡುತ್ತಿರಲಿಲ್ಲ. ಉದ್ದ ವಾಯರು ಎಳೆದು ನೋಡಿದೆ. ಅದು ಪಕ್ಕದ ವೆಲ್ಡಿಂಗ್ ಅಂಗಡಿಯ ಗರ್ರ್ ಎಂಬುದನ್ನೆಲ್ಲ ಕುಡಿದುಕೊಂಡು ಬಂತು. ಸಪ್ಪಳವನ್ನು ಆಮೇಲೆ ಕಂಪ್ಯೂಟರಿನಲ್ಲೇ ತೊಳೆಯುವ ವಿದ್ಯೆಯೂ ಇತ್ತು. ಆದರೆ ನೂಲೆಳೆಯಂಥ ಆ ದನಿಯಲ್ಲಿ ಸಪ್ಪಳದ ಜೊತೆ ಅರ್ಧ ಅಜ್ಜಿಯೂ ತೊಳೆದುಹೋಗುತ್ತಿದ್ದಳು.

ಇನ್ನೊಂದು ಕಡೆ ನನ್ನ ಹಳೆಯ ಕಂಪ್ಯೂಟರಿಗೆ ಮುಪ್ಪು ಬಂದಿತ್ತು. ಒಂದು ಮದುವೆಯ ವಿಡಿಯೊ ಬೇಯಿಸಿ ಸಿಡಿಗೆ ಇಳಿಸಲು ಒಂದು ಹಗಲು ಪೂರಾ ತಿನ್ನುತ್ತಿತ್ತು. ಹೇಗೂ ಹೊಸದು ಬೇಕು. ವೇಗವೂ ಬೇಕು, ಸುಮ್ಮನೆಯೂ ಇರಬೇಕು. ಕಗ್ಗಂಟು ಇದ್ದದ್ದೇ ಇಲ್ಲಿ. ವೇಗ ಏರಿದರೆ ಸೆಕೆ ಏರುತ್ತದೆ, ಸೆಕೆ ಏರಿದರೆ ಫ್ಯಾನು ಜೋರಾಗುತ್ತದೆ, ಫ್ಯಾನು ಜೋರಾದರೆ ಅಜ್ಜಿ ಮುಳುಗುತ್ತಾಳೆ.

ರೋಣದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಹುಡುಕಿದಾಗ ಗೊತ್ತಾಯಿತು, ಈ ಹುಚ್ಚು ನನಗೊಬ್ಬನಿಗೇ ಅಲ್ಲ. ಪರದೇಶದಲ್ಲಿ ಮಂದಿ ಕಂಪ್ಯೂಟರಿನ ಡಬ್ಬಿ ಕೊಯ್ದು ಗಾಜು ಕೂರಿಸಿ, ನೀಲಿ ದೀಪ ಹಚ್ಚಿ, ಫೋಟೊ ತೆಗೆದು ಹಾಕಿದ್ದರು. ಅಗ್ಗದ ಚಿಪ್ಪು ಕೊಂಡು ಅದರ ಓಟ ಏರಿಸುವುದು ಹೇಗೆ ಎಂದು ಪುಕ್ಕಟೆ ಹೇಳಿಕೊಟ್ಟಿದ್ದರು. ಡೀಸೆಲ್ ಪಂಪಿನ ಗವರ್ನರ್ ಚೂರು ತಿರುವಿ ಓಟ ಏರಿಸುತ್ತೇವಲ್ಲ, ಅದೇ ಕತೆ. ಕಂಪನಿಯವರು ಒಂದು ಓಟ ಬರೆದು ಕಳಿಸಿರುತ್ತಾರೆ. ಚಿಪ್ಪಿಗೆ ಅದಕ್ಕಿಂತ ಹೆಚ್ಚು ಓಡುವ ಕಸುವು ಇದ್ದೇ ಇರುತ್ತದೆ. ಇಟ್ಟ ಬೆಲೆಗಿಂತ ಹೆಚ್ಚಿನ ಮಾಲು ಒಳಗಿದೆ ಎಂದು ತಿಳಿದ ಮೇಲೆ ನನ್ನಂಥವನು ಸುಮ್ಮನಿರುವುದು ಹೇಗೆ?

ಒಳಗಿನ ಸಾಮಾನು ಹುಬ್ಬಳ್ಳಿಯಲ್ಲಿ ಕೊಂಡೆ, ಮೂರು ಅಂಗಡಿಗಳಲ್ಲಿ ಒಬ್ಬರ ದರ ಇನ್ನೊಬ್ಬರಿಗೆ ಹೇಳುತ್ತ. ನರಗುಂದದಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಕಂಪ್ಯೂಟರ್ ಕ್ಲಾಸಿನ ಕೆಟ್ಟ ಯುಪಿಎಸ್ಸಿನಿಂದ ಊಟದ ತಟ್ಟೆಯಷ್ಟು ಅಗಲದ ಫ್ಯಾನು ಸಿಕ್ಕಿತು. ಅದು ಇಪ್ಪತ್ನಾಲ್ಕು ವೋಲ್ಟಿನದು. ಕಂಪ್ಯೂಟರ್ ಕೊಡುವುದು ಹನ್ನೆರಡು. ಅರ್ಧ ಹೊಟ್ಟೆಯ ಫ್ಯಾನು ನಿಧಾನಕ್ಕೆ ತಿರುಗುತ್ತದೆ, ಆದರೆ ಅಗಲವಾದ್ದರಿಂದ ಗಾಳಿ ಸಾಕಷ್ಟು ಎಳೆಯುತ್ತದೆ. ಸಣ್ಣ ಫ್ಯಾನು ಹತ್ತು ಸಲ ಕಿರುಚಿ ಮಾಡುವ ಕೆಲಸವನ್ನು ಇದು ಒಂದು ಸಲ ನಿಟ್ಟುಸಿರು ಬಿಟ್ಟು ಮಾಡುತ್ತದೆ. ನರಗುಂದದ ಸಂತೆಯಲ್ಲೇ ಒಂದು ಕಂಬಳಿಯನ್ನೂ ಕೊಂಡೆ. ಪೆಟ್ಟಿಗೆಯ ಒಳಮೈಗೆ ಅಂಟಿಸಲು. ಉಣ್ಣೆ ಸಪ್ಪಳ ನುಂಗುತ್ತದೆ, ಬಟ್ಟೆಯ ಹಾಗೆ ಲಗೂನೆ ಬೆಂಕಿ ಹಿಡಿಯುವುದಿಲ್ಲ. ಕೌದಿಯಿಂದ ನಾನು ಕಲಿತ ಪಾಠ ಇಷ್ಟೇ: ಹೊದಿಕೆ ಗೋಡೆಗಿರಲಿ, ಗಾಳಿಯ ದಾರಿಗೆ ಬೇಡ.

ಉಳಿದದ್ದು ಪೆಟ್ಟಿಗೆ. ಅಂಗಡಿಯಲ್ಲಿ ಸಿಗುವ ಕಂಪ್ಯೂಟರ್ ಡಬ್ಬಿಗಳ ತಗಡು ಹಪ್ಪಳದ ಹಾಗೆ. ಒಳಗೆ ಏನು ತಿರುಗಿದರೂ ತಾನೂ ನಡುಗುತ್ತದೆ. ಗಜೇಂದ್ರಗಡದ ಪೇಟೆಯ ಮೂಲೆಯಲ್ಲಿ ಪೆಟ್ಟಿಗೆ ಮಾಡುವ ಚಾಚಾ ಒಬ್ಬರಿದ್ದರು. ಸುತ್ತಲಿನ ಹಳ್ಳಿಗಳ ಮದುಮಕ್ಕಳು ಸೀರೆ ಕುಪ್ಪಸ ತುಂಬಿಕೊಂಡು ಗಂಡನ ಮನೆಗೆ ಹೋಗುತ್ತಿದ್ದದ್ದು ಅವರ ಪೆಟ್ಟಿಗೆಯಲ್ಲೇ. ನಾನು ಹೋದಾಗ ಒಂದು ಮುಚ್ಚಳಕ್ಕೆ ಗುಲಾಬಿ ಬಣ್ಣದ ತಾವರೆ ಬರೆಯುತ್ತಿದ್ದರು.

"ದಪ್ಪ ತಗಡಿನ ಪೆಟ್ಟಿಗಿ ಬೇಕಾಗಿತ್ತು, ಚಾಚಾ."

"ಮಗಳ ಲಗ್ನ ಏನ್ರಿ ಸಾವಕಾರ್ರ?"

"ಅಲ್ರಿ. ಕಂಪ್ಯೂಟರ್ ಇಡಾಕ."

"ಕಂಪ್ಯೂಟರ್ ಓಡಿ ಹೋಗ್ತೈತೇನು, ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕಾಕ?"

"ಕೀಲಿ ಬ್ಯಾಡ್ರಿ. ತೂತ ಬೇಕು. ದೊಡ್ಡ ತೂತ."

ಚಾಚಾ ಕುಂಚ ಕೆಳಗಿಟ್ಟು ಎದುರು ಅಂಗಡಿಯ ಬಳೆಗಾರನಿಗೆ ಕೂಗಿ ಹೇಳಿದರು. "ಕೇಳೀಯೇನೋ! ತೂತ ಬೀಳಬಾರದಂತ ಹರೇದಿಂದ ಬೆಸಗಿ ಹಾಕ್ಕೋತ ಬಂದೀನಿ. ಇವರು ತೂತಿಗೆ ರೊಕ್ಕ ಕೊಡಾಕ ಬಂದಾರ!"

ಆರುನೂರು ಅಂದರು. ನಾನು ಮುನ್ನೂರು ಅಂದೆ. ಅವರು ನಕ್ಕು ಚಹಾ ತರಿಸಿದರು. ಚಹಾ ತರಿಸಿದರೆ ವ್ಯವಹಾರ ಆಗುತ್ತದೆ ಎಂದೇ ಅರ್ಥ. ಹಾಗಾಗಿ ನಾನು ನಿಧಾನಕ್ಕೆ ಕುಡಿದೆ. ಕುಡಿದು, ಲೋಟ ಇಟ್ಟು, ಬಸ್ಸಿನ ಹೊತ್ತಾಯಿತೆಂದು ಎದ್ದೆ. ನಾಲ್ಕು ಹೆಜ್ಜೆ ಹೋಗುವುದರಲ್ಲಿ "ಬರ್ರಿ ಬರ್ರಿ, ನಾಟಕ ಸಾಕು" ಎಂದು ಕರೆದರು. ನಾಲ್ಕು ನೂರಕ್ಕೆ ಮುಗಿಯಿತು.

ಆಮೇಲೆ ತೂತಿನ ವಿಚಾರ. ಗಾಳಿ ಒಳಗೆ ಬರುವ ಸಣ್ಣ ತೂತುಗಳನ್ನು ತಳದ ಹತ್ತಿರ ನಾನೇ ಕೊರೆದುಕೊಳ್ಳುವವನಿದ್ದೆ. ಬಿಸಿಗಾಳಿ ಹೊರಗೆ ಹೋಗುವ ದೊಡ್ಡ ತೂತು, ಫ್ಯಾನು ಕೂರುವಂಥದ್ದು, ಹಿಂಬದಿಗೆ ಬೇಕು ಎಂದೆ.

"ಹಿಂದ ಅಂದ್ರ ಮಡಚಿದ್ದು ಬಿಚ್ಚಬೇಕ್ರಿ, ಅರವತ್ತು ರೂಪಾಯಿ ಮ್ಯಾಲ ಆಗ್ತೈತಿ. ಮುಚ್ಚಳದ ಮ್ಯಾಲ ಅಂದ್ರ ಹೂವಿನ ಅಚ್ಚು ಐತಿ ನನ್ನ ಕಡೆ. ಜಾಳಿಗಿ ಜಾಳಿಗಿ ಹೂವು ಕೊರದು ಕೊಡ್ತೀನಿ, ಪುಕ್ಕಟ."

ಬಿಸಿಗಾಳಿ ಹೇಗೂ ಮೇಲಕ್ಕೇ ಏರುವುದು. ಅರವತ್ತು ರೂಪಾಯಿ ಉಳಿಯಿತು. ಮುಚ್ಚಳಕ್ಕೇ ಹಾಕಿರಿ ಎಂದೆ. ಈ ಅರವತ್ತು ರೂಪಾಯಿ ನೆನಪಿಟ್ಟುಕೊಳ್ಳಿ.

"ಬಣ್ಣದ ಹೂವು ಮಾತ್ರ ಬ್ಯಾಡ್ರಿ ಚಾಚಾ."

"ಹೂವಿಲ್ದ ಪೆಟ್ಟಿಗಿ ನನ್ನ ಅಂಗಡಿ ದಾಟಂಗಿಲ್ಲ. ನಾಳಿ ಯಾರರ ನೋಡಿ, ಈ ಬೋಳ ಪೆಟ್ಟಿಗಿ ಮಾಡಿದಾವ ಯಾರು ಅಂದ್ರ ನಾ ಏನ್ ಹೇಳ್ಲಿ?"

ಹಸಿರು ಪೆಟ್ಟಿಗೆ, ನಾಲ್ಕೂ ಬದಿಗೆ ತಾವರೆ, ಮುಚ್ಚಳದ ನಡುವೆ ಎಸಳೆಸಳಾಗಿ ಕೊರೆದ ಹೂವು. ಅದನ್ನು ಟೆಂಪೊದಲ್ಲಿ ಹಾಕಿಕೊಂಡು ರೋಣಕ್ಕೆ ಹೊರಟೆ. ಪಕ್ಕದಲ್ಲಿ ಕೂತಿದ್ದ ರಾಜೂರಿನ ಹೆಣ್ಣುಮಗಳು ಪೆಟ್ಟಿಗೆ ಸವರಿ ನೋಡಿದಳು.

"ಚಲೋ ಐತ್ರಿ. ಯಾವೂರಿಗೆ ಕೊಟ್ರಿ?"

"ರೋಣಕ್ಕ."

"ಹುಡುಗ ಏನ್ ಮಾಡ್ತಾನ?"

"ಕಂಪ್ಯೂಟರ್ ಕೆಲಸ."

"ಪುಣ್ಯಾ ಮಾಡೀರಿ ಬಿಡ್ರಿ." ಆಮೇಲೆ ಡ್ರೈವರನಿಗೆ ಗದರಿದಳು. "ಏ ತಮ್ಮಾ, ಲಗ್ನ ಮಾಡೋರ ಕಡೆ ಪೆಟ್ಟಿಗಿ ಬಾಡಿಗಿ ತಗೋಬ್ಯಾಡ."

ಅವನು ತೆಗೆದುಕೊಳ್ಳಲಿಲ್ಲ. ನನಗೆ ಮಗಳಿಲ್ಲ. ಆದರೆ ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಜೋಡಿಸುವ ಕೆಲಸ ಹಬ್ಬದ ಅಡುಗೆಯ ಹಾಗಿತ್ತು. ಕಂಬಳಿ ಕತ್ತರಿಸಿ ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿದೆ. ತಳಕ್ಕೆ ಹಲಗೆ, ಅದರ ಮೇಲೆ ಬೋರ್ಡು. ಹಾರ್ಡ್‌ಡಿಸ್ಕ್ ಕರಕರ ಅನ್ನದಿರಲಿ ಎಂದು ಅದನ್ನು ಸೈಕಲ್ ಟ್ಯೂಬಿನ ಪಟ್ಟಿಗಳಲ್ಲಿ ತೊಟ್ಟಿಲ ಹಾಗೆ ತೂಗುಹಾಕಿದೆ. ಚಿಪ್ಪಿನ ಮೇಲಿನ ಕಿರುಚುವ ಸಣ್ಣ ಫ್ಯಾನು ಕಿತ್ತು, ತಾಮ್ರದ ದೊಡ್ಡ ಹೀಟ್‌ಸಿಂಕ್ ಕೂರಿಸಿದೆ. ಚಿಪ್ಪಿನ ಸೆಕೆಯನ್ನು ಅದು ಹೀರಿಕೊಂಡರೆ, ಮುಚ್ಚಳದ ಕೆಳಗಿನ ಅಗಲ ಫ್ಯಾನು ಆ ಬಿಸಿಯನ್ನು ಹೂವಿನ ತೂತಿನಿಂದ ಹೊರಗೆ ದೂಡುತ್ತದೆ.

ಓಟ ಏರಿಸುವುದಕ್ಕೆ ತಾಳ್ಮೆ ಬೇಕು. ಕಂಪ್ಯೂಟರ್ ಹಚ್ಚಿದ ಕೂಡಲೇ ಒಂದು ಕೀಲಿ ಒತ್ತಿದರೆ ನೀಲಿ ಪರದೆಯೊಂದು ತೆರೆಯುತ್ತದೆ. ಅಲ್ಲಿ ಅಂಕಿ ಬದಲಿಸಬೇಕು. ಚೂರು ಏರಿಸುವುದು, ಒಂದು ಮದುವೆಯ ವಿಡಿಯೊ ಬೇಯಿಸಿ ನೋಡುವುದು, ಸೆಕೆ ಎಷ್ಟೆಂದು ಪರದೆಯ ಮೂಲೆಯಲ್ಲಿ ನೋಡುವುದು, ಮತ್ತೆ ಚೂರು. ಒಂದು ಪಾಯಿಂಟ್ ಎಂಟು ಗಿಗಾಹರ್ಟ್ಸ್ ಎಂದು ಮಾರಿದ ಚಿಪ್ಪು ಎರಡು ಪಾಯಿಂಟ್ ಆರಕ್ಕೆ ಹೋದಾಗ ಹೆಪ್ಪುಗಟ್ಟಿ ನಿಂತಿತು. ಎರಡು ಪಾಯಿಂಟ್ ನಾಲ್ಕಕ್ಕೆ ಇಳಿಸಿದೆ, ಎಮ್ಮೆಯ ಹಾಗೆ ತಣ್ಣಗೆ ಮೆಲುಕು ಹಾಕತೊಡಗಿತು. ಕಿವಿ ಹಚ್ಚಿ ಕೇಳಿದೆ. ಏನೂ ಇಲ್ಲ. ಮುಚ್ಚಳದ ಹೂವಿನ ಮೇಲೆ ಅಂಗೈ ಹಿಡಿದರೆ ಮಾತ್ರ ಬೆಚ್ಚಗಿನ ಉಸಿರು.

ಇಷ್ಟು ಸುಮ್ಮನಿರುವುದೂ ಒಂದು ತಾಪತ್ರಯ ಎಂದು ತಿಳಿದದ್ದು ಗಿರಾಕಿಗಳು ಬಂದ ಮೇಲೆ. ತನ್ನ ತಮ್ಮನ ಮದುವೆಯ ಸಿಡಿಗಾಗಿ ಬಂದ ಕಾಳಿನ ವ್ಯಾಪಾರಿಯೊಬ್ಬ ಕುರ್ಚಿ ಎಳೆದುಕೊಂಡು ಕೂತ.

"ಕೆಲಸ ಇನ್ನೂ ಹಚ್ಚೇ ಇಲ್ಲಲ್ಲ?"

"ಹಚ್ಚೀನ್ರಿ. ಅಲ್ಲೆ ನೋಡ್ರಿ, ನಡದೈತಿ."

"ಎಲ್ಲಿ ನಡದೈತಿ? ಗಿರಣಿ ಹಚ್ಚಿದ್ರ ಓಣಿಗೆಲ್ಲ ಗೊತ್ತಾಗ್ತೈತಿ. ನಿಂದು ಉಂಡು ಮಲಗೇತಿ. ಮಲಗಿದ ಮಶೀನಿಗೆ ನಾ ಪೂರ್ತಿ ರೊಕ್ಕ ಕೊಡಬೇಕ?"

ನನಗಿಂತ ದೊಡ್ಡ ಚೌಕಾಶಿಯವನು ಸಿಕ್ಕಿದ್ದ. ಐವತ್ತು ರೂಪಾಯಿ ಇಳಿಸಿಕೊಂಡೇ ಹೋದ. ಮರುದಿನ ನಾನು ಹಳೆಯ ಕಂಪ್ಯೂಟರಿನ ಖಾಲಿ ಡಬ್ಬಿಯನ್ನು ಮೂಲೆಯಲ್ಲಿಟ್ಟು, ಅದರ ಫ್ಯಾನಿಗೊಂದು ಸ್ವಿಚ್ ಹಾಕಿದೆ. ಗಿರಾಕಿ ಬಂದರೆ ಅದನ್ನು ಒತ್ತುವುದು. ಗುಂಯ್ ಎಂದು ಶುರುವಾಯಿತೆಂದರೆ ಎಲ್ಲರ ಮುಖದಲ್ಲೂ ಸಮಾಧಾನ. "ಈಗ ಹೊಂಟತಿ ನೋಡು" ಎನ್ನುತ್ತಿದ್ದರು. ಕೆಲಸ ಮಾಡುವುದು ಒಂದು, ಸಪ್ಪಳ ಮಾಡುವುದು ಇನ್ನೊಂದು. ಹಣ ಬರುತ್ತಿದ್ದದ್ದು ಎರಡನೆಯದಕ್ಕೆ.

ಮಾತು ಕೊಟ್ಟ ಹಾಗೆ ಅಜ್ಜಿ ಅರಿಶಿಣಕ್ಕೆ ಮೊದಲು ಬಂದಳು. ಪೇಟೆ ಮಾಡಿಕೊಂಡು ಬಂದಿದ್ದರಿಂದ ವಾಯರಿನ ಚೀಲ ತುಂಬಿತ್ತು. ಒಳಗೆ ಕಾಲಿಟ್ಟವಳೇ ಮೇಜಿನ ಮೇಲಿನ ಪೆಟ್ಟಿಗೆ ನೋಡಿ ನಿಂತಳು.

"ಅಯ್ಯ! ಮದುಮಗಳ ಪೆಟ್ಟಿಗಿ! ಇದ್ರಾಗ ತುಂಬ್ತೀಯೇನು ನನ್ನ ಪದಾ?"

"ಹೂಂ ಯವ್ವಾ, ಇದ್ರಾಗ."

"ಗಿರಣಿ?"

"ಗಿರಣಿ ಬಂದ್ ಮಾಡೀನಿ. ಈಗ ನಿನ್ನ ದನಿ ಬಿಟ್ರ ಬ್ಯಾರೆ ಏನೂ ಕೇಳಂಗಿಲ್ಲ."

ಅವಳು ಮೈಕಿನ ಮುಂದೆ ಕೂತಳು. ನಾನು ಕೋಣೆಯ ಛತ್ತಿನ ಫ್ಯಾನು ಬಂದ್ ಮಾಡಿ, ಕಿಟಕಿ ಮುಚ್ಚಿ, ರೆಕಾರ್ಡಿಂಗ್ ಶುರು ಮಾಡಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೈಕಿನ ವಾಯರು ಸರಿಪಡಿಸುತ್ತಿದ್ದೆ. ಅಜ್ಜಿಯ ಕಡೆ ನನ್ನ ಬೆನ್ನಿತ್ತು. ಅಷ್ಟರೊಳಗೆ ಅವಳು ಎದ್ದು, ಚೀಲದಿಂದ ಹೊಸ ಕುಪ್ಪಸದ ಖಣ ತೆಗೆದು ಪೆಟ್ಟಿಗೆಯ ಮುಚ್ಚಳದ ಮೇಲೆ ಹಾಸಿ, ಅದರ ಮೇಲೆ ಅಕ್ಕಿ ಸುರಿದು, ನಡುವೆ ತೆಂಗಿನಕಾಯಿ ಇಟ್ಟು ಕೈಮುಗಿದು ಮತ್ತೆ ಮೈಕಿನ ಮುಂದೆ ಕೂತಿದ್ದಳು. ಅವಳ ಮನೆಯಲ್ಲಿ ಮದುಮಗಳ ಪೆಟ್ಟಿಗೆಯನ್ನು ಬರಿದೆ ಕಳಿಸುವ ಪದ್ಧತಿ ಇಲ್ಲ. ಉಡಿ ತುಂಬಿಯೇ ಕಳಿಸುವುದು. ತನ್ನ ಪದ ತುಂಬಿಕೊಂಡು ಹೋಗುವ ಪೆಟ್ಟಿಗೆಯನ್ನು ಬಿಡುತ್ತಾಳೆಯೇ? ಕೊರೆದ ಹೂವು ಅವಳ ಕಣ್ಣಿಗೆ ಬರೀ ಹೂವಾಗಿತ್ತು. ಗಾಳಿಯ ಸದ್ದಾದರೂ ಇದ್ದಿದ್ದರೆ ಅಲ್ಲಿ ಏನೋ ತಿರುಗುತ್ತಿದೆ ಎಂದು ತಿಳಿಯುತ್ತಿತ್ತು. ಸದ್ದೇ ಇಲ್ಲದ ಹಾಗೆ ಮಾಡಿದವನು ನಾನು.

ನಾನು ತಿರುಗಿ ನೋಡಿದಾಗ ಅವಳು ಕಣ್ಣು ಮುಚ್ಚಿ ಪದ ಎತ್ತಿಬಿಟ್ಟಿದ್ದಳು.

ಹೆಡ್‌ಫೋನಿನಲ್ಲಿ ಅವಳ ದನಿ ಬಂದ ಬಗೆಯನ್ನು ಹೇಳಲಾರೆ. ಉಸಿರು ತೆಗೆದುಕೊಂಡದ್ದು ಕೂಡ ಕೇಳುತ್ತಿತ್ತು. ಆದರೆ ನನ್ನ ಕಣ್ಣು ಪರದೆಯ ಮೂಲೆಯ ಅಂಕಿಯ ಮೇಲಿತ್ತು. ಖಣ ಹೂವಿನ ತೂತನ್ನು ಪೂರಾ ಮುಚ್ಚಿತ್ತು. ಅದರ ಮೇಲೆ ಸೇರಕ್ಕಿ, ಕಾಯಿ. ಅರ್ಧ ಹೊಟ್ಟೆಯ ಫ್ಯಾನಿಗೆ ಅದನ್ನು ಎತ್ತುವ ತಾಕತ್ತು ಎಲ್ಲಿಂದ ಬರಬೇಕು? ಐವತ್ತರ ಮೇಲಿದ್ದ ಸೆಕೆ ಅರವತ್ತಾಯಿತು. ಎಪ್ಪತ್ತಾದರೆ ಟಪ್. ಹಾಡಿನ್ನೂ ಅರಿಶಿಣದಲ್ಲೇ ಇತ್ತು.

ಅವಳನ್ನು ನಿಲ್ಲಿಸಲಾರೆ, ಕಡಿದ ಸೋಬಾನೆಗೆ ಮೂರನೆಯ ಸಲ ಇಲ್ಲ. ಖಣವನ್ನು ನಾನೇ ಎಳೆದರೆ ಅಕ್ಕಿ ಎಸಳಿನ ತೂತುಗಳಿಂದ ಫ್ಯಾನಿನೊಳಗೆ ಸುರಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ತುಂಬಿದ ಉಡಿಯನ್ನು ಗಂಡಸೊಬ್ಬ ಕಿತ್ತು ಬದಿಗಿಡುವುದನ್ನು ಅವಳು ಕಣ್ಣು ತೆರೆದು ನೋಡಿದಳೆಂದರೆ ಪದ ಅಲ್ಲಿಗೇ ಮುಗಿಯಿತು. ಚೌಕಾಶಿಯಲ್ಲಿ ನನಗೆ ಎಂದೂ ಮಾತು ಸಿಗದೆ ಹೋದದ್ದಿಲ್ಲ. ಅವತ್ತು ಮಾತಾಡುವ ಹಾಗೇ ಇರಲಿಲ್ಲ.

ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ನಾನು ಅವಳತ್ತ ನೋಡಿ, ಪರದೆಯ ಅಂಕಿ ತೋರಿಸಿ, ಪೆಟ್ಟಿಗೆಯ ಕಡೆ ಹುಬ್ಬು ಹಾರಿಸಿದೆ. ಕೌದಿಯ ನೆನಪು ಅವಳಿಗೂ ಇತ್ತು. ಒಂದು ಗಳಿಗೆ ಯೋಚಿಸಿದಳು. ಆಮೇಲೆ ಬರಿಗಾಲಲ್ಲಿ ಒಳಗೆ ಬಂದು, ಪೆಟ್ಟಿಗೆಯ ಮುಂದೆ ಬಾಗಿ, ಸೆರಗು ಒಡ್ಡಿದಳು. ಖಣದ ನಾಲ್ಕೂ ತುದಿ ಹಿಡಿದು ಅಕ್ಕಿ, ಕಾಯಿ ಸಮೇತ ತನ್ನ ಉಡಿಗೆ ತೆಗೆದುಕೊಂಡಳು. ಉಡಿ ತುಂಬಿಸಿಕೊಳ್ಳುವವಳು ಹೇಗೆ ತೆಗೆದುಕೊಳ್ಳುತ್ತಾಳೋ ಹಾಗೇ. ಒಂದು ಕಾಳೂ ಬೀಳಲಿಲ್ಲ. ಕೈತುಂಬ ಹಸಿರು ಬಳೆಗಳಿದ್ದವಲ್ಲ, ಅವು ಮಾತ್ರ ಝಲ್ಲೆಂದವು.

ಅಜ್ಜಿ ಕಣ್ಣು ತೆರೆದಳು. ಸೆರಗೊಡ್ಡಿ ನಿಂತವಳನ್ನು ನೋಡಿದಳು, ಬೋಳಾದ ಪೆಟ್ಟಿಗೆಯನ್ನು ನೋಡಿದಳು. ಒಂದು ಉಸಿರು ತೆಗೆದುಕೊಂಡು, ರಾಗ ಬಿಡದೆ, ಪದದೊಳಗೆ ಹೊಸದೊಂದು ಸಾಲು ಸೇರಿಸಿದಳು:

"ರೋಣದ ಮಗಳು ಸೆರಗೊಡ್ಡಿ ನಿಂತಾಳ, ಉಡಿಯಕ್ಕಿ ಹಿಡಿದಾಳ, ಸೋಬಾನ..."

ಅಂಕಿ ಅರವತ್ತೆಂಟರಿಂದ ಇಳಿಯತೊಡಗಿತು. ಪದ ಸುರಗಿ ನೀರು ದಾಟಿತು, ಬಾಸಿಂಗ ದಾಟಿತು, ಮಗಳನ್ನು ಕಳಿಸಿಕೊಡುವ ತನಕ ಹೋಗಿ ತಾನಾಗಿ ನಿಂತಿತು.

ಮುಗಿದ ಮೇಲೆ ಅಜ್ಜಿ ನನ್ನ ಹೆಂಡತಿಗೆ ಹೇಳಿದಳು. "ಚಲೋ ಮಾಡಿದಿ. ಪೆಟ್ಟಿಗಿಗೆ ಸೆರಗೆಲ್ಲಿ ಐತಿ? ನನಗ ಹೊಳೀಲಿಲ್ಲ ನೋಡು." ಆಮೇಲೆ ಕೇಳಿದಳು. "ಬಂದ್ ಆತೇನಪಾ ಈ ಸಲಾನೂ?"

"ಇಲ್ಲ ಯವ್ವಾ. ಪೂರಾ ಬಂದೈತಿ. ನಡುವ ಒಂದ್ ಸಲ ಬಳಿ ಸಪ್ಪಳ ಬಂದೈತಿ, ಅದಷ್ಟ ತಗದಬಿಡ್ತೀನಿ."

"ಯಾಕ ತಗೀತಿ? ಬಳಿ ಸಪ್ಪಳಿಲ್ದ ಅದೆಂಥಾ ಸೋಬಾನಿ? ರಂಡಿಮುಂಡ್ಯಾರ ಹಾಡು ಅಂತಾರ ಮಂದಿ. ಇರ್ಲಿ ಬಿಡು."

ಒಂದು ಸಪ್ಪಳವೂ ಬೇಡವೆಂದು ಮೂರು ಊರು ತಿರುಗಿ ಕಟ್ಟಿದ ಕಂಪ್ಯೂಟರಿನಲ್ಲಿ ಒಂದು ಸಪ್ಪಳ ಉಳಿಯಿತು. ಬಿಟ್ಟೆ. ಖಣವನ್ನು ಅಜ್ಜಿ ವಾಪಸು ತೆಗೆದುಕೊಳ್ಳಲಿಲ್ಲ. ಉಡಿಗೆ ಬಿದ್ದದ್ದು ಬಿದ್ದವರದ್ದು. ಹೆಂಡತಿ ಅದರಲ್ಲಿ ಕುಪ್ಪಸ ಹೊಲಿಸಿಕೊಂಡು ಅಜ್ಜಿಯ ಮೊಮ್ಮಗಳ ಮದುವೆಗೆ ಅದನ್ನೇ ತೊಟ್ಟು ಬಂದಳು.

ಮುಶಿಗೇರಿಯ ಹಂದರದಲ್ಲಿ ಆಳೆತ್ತರದ ಎರಡು ಸ್ಪೀಕರ್ ಡಬ್ಬಿ. ಅರಿಶಿಣ ಹಚ್ಚುವ ಹೊತ್ತಿಗೆ ಸಿನಿಮಾ ಹಾಡು ನಿಲ್ಲಿಸಿ ನಮ್ಮ ಸಿಡಿ ಹಾಕಿದರು. ಅಜ್ಜಿಯ ದನಿ ಹಂದರ ದಾಟಿ, ಊರ ಅಗಸಿ ಬಾಗಿಲು ದಾಟಿ ಹೋಯಿತು. ಹೊರಗೆ ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಗಂಡಸರೂ ಮಾತು ನಿಲ್ಲಿಸಿದರು. ಮೊಮ್ಮಗಳು ತಲೆ ಬಗ್ಗಿಸಿ ಕೂತಿದ್ದಳು, ಅರಿಶಿಣದ ಮುಖದ ಮೇಲೆ ನೀರಿನ ಎರಡು ಗೆರೆ. ಬಳೆ ಝಲ್ಲೆಂದ ಕಡೆ ನಾಲ್ಕಾರು ಹೆಂಗಸರು ತಮ್ಮ ತಮ್ಮ ಕೈ ನೋಡಿಕೊಂಡರು, ಸಪ್ಪಳ ತಮ್ಮದೇ ಎಂದು.

ಅಜ್ಜಿ ನನ್ನ ಪಕ್ಕದ ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. "ಯಾರಪಾ ಹೇಳಾಕಿ?" ಎಂದು ನನ್ನ ಪಕ್ಕೆಗೆ ತಿವಿದಳು. "ಚಲೋ ಹೇಳ್ತಾಳ ಅಲ್ಲ?"

ಇನ್ನು, ನೀವೂ ಇಂಥದ್ದೊಂದು ಕಟ್ಟುವವರಿದ್ದರೆ ನನ್ನ ಮಾತು ಕೇಳಿ. ಚಿಪ್ಪಿನಲ್ಲಿ ದುಡ್ಡು ಉಳಿಸಿ, ಪವರ್ ಸಪ್ಲೈಯಲ್ಲಿ ಬೇಡ. ನಮ್ಮ ಕಡೆಯ ಕರೆಂಟು ಒಮ್ಮೆ ಕುಣಿಯಿತೆಂದರೆ ಅಗ್ಗದ್ದು ತಾನೂ ಸುಟ್ಟು ಉಳಿದದ್ದನ್ನೂ ಸುಡುತ್ತದೆ. ಓಟವನ್ನು ಒಂದೇ ಸಲಕ್ಕೆ ಏರಿಸಬೇಡಿ. ನಿಂತ ಕಡೆಯಿಂದ ಒಂದು ಮೆಟ್ಟಿಲು ಕೆಳಗಿಳಿದು ಅಲ್ಲೇ ಸಂಸಾರ ಮಾಡಿ. ಫ್ಯಾನು ಸಣ್ಣದು ಮೂರು ಹಾಕುವ ಬದಲು ಅಗಲದ್ದು ಒಂದು ಹಾಕಿ, ಅರ್ಧ ಹೊಟ್ಟೆಯಲ್ಲೇ ಓಡಿಸಿ. ಎರೆಭೂಮಿಯವರಾದರೆ ಗಾಳಿ ಒಳಬರುವ ತೂತಿಗೆ ಹಳೆಯ ತೆಳು ಮಲ್ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ಝಾಡಿಸಿ. ಗಿರಾಕಿಗೆ ಸಪ್ಪಳ ಬೇಕೆಂದರೆ ಬೇರೆ ಫ್ಯಾನು ಇಡಿ, ನಾಚಿಕೆ ಪಡಬೇಡಿ.

ಎಲ್ಲಕ್ಕಿಂತ ಮುಖ್ಯ, ಬಿಸಿಗಾಳಿಯ ತೂತು ಮುಚ್ಚಳದ ಮೇಲೆ ಬೇಡ. ನಮ್ಮ ಮಂದಿ ಸಪಾಟಾದದ್ದು ಏನು ಕಂಡರೂ ಅದರ ಮೇಲೆ ಒಂದಿಲ್ಲೊಂದು ಇಟ್ಟೇ ಇಡುತ್ತಾರೆ. ಚಹಾದ ಕಪ್ಪು, ಪೇಪರು, ದಸರೆಗೆ ಬನ್ನಿ, ಪ್ರೀತಿ ಹೆಚ್ಚಾದರೆ ಖಣ ಮತ್ತು ಕಾಯಿ. ನಾನು ಪೆಟ್ಟಿಗೆಯನ್ನು ಮತ್ತೆ ಗಜೇಂದ್ರಗಡಕ್ಕೆ ಒಯ್ದು ಹಿಂಬದಿಗೆ ತೂತು ಹಾಕಿಸಿದೆ, ಮುಚ್ಚಳಕ್ಕೆ ಛಾವಣಿಯ ಹಾಗೆ ಇಳಿಜಾರು ಕೂರಿಸಿದೆ. ಚಾಚಾ ತೊಂಬತ್ತು ಕೇಳಿದರು. ಅವತ್ತು ಅರವತ್ತು ಅಂದಿದ್ದಿರಲ್ಲ ಎಂದೆ ನಾನು. "ಅವತ್ತು ಪೆಟ್ಟಿಗಿ ಒಂಟಿ ಇತ್ರಿ ಸಾವಕಾರ್ರ, ಈಗ ಸಂಸಾರ ಕಟ್ಟಿಕೊಂಡೈತಿ" ಎಂದರು. ಚಹಾ ತರಿಸಲಿಲ್ಲ. ಆದ್ದರಿಂದ ತೊಂಬತ್ತನ್ನೂ ಕೊಟ್ಟೆ. ನೀವು ಮೊದಲೇ ಅರವತ್ತು ಕೊಟ್ಟು ಹಿಂದೆಯೇ ಹಾಕಿಸಿಕೊಳ್ಳಿ.